ಎರಡು ಪುಟಗಳ ಲೇಖನ

ವಿಜ್ಞಾನಿಯೊಬ್ಬನ ಹಿರಿಮೆಯನ್ನು ಅವನು ಪ್ರಕಟಿಸಿದ ಲೇಖನಗಳ ಎಣಿಕೆಯಿಂದ ಅಳೆಯುವುದು ಈಗಿನ ಪದ್ಧತಿಯಾಗಿದೆ. ಎಷ್ಟು ಲೇಖನಗಳು, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬ ಲೆಕ್ಕದ ಮೇಲೆ ಹುದ್ದೆ, ಬಡ್ತಿ, ಅನುದಾನಗಳು ನಿಂತಿವೆ. ಸಂಶೋಧನೆಗೆ ಸೇರಿದ ನಮ್ಮ ಮನೆಗಳ ಮಕ್ಕಳೂ ಈ ಲೆಕ್ಕದ ಒತ್ತಡವನ್ನು ಬಲ್ಲರು. ಆದುದರಿಂದ ಪುಣೆಯಲ್ಲಿ ನಡೆದ ಒಂದು ಹಳೆಯ ಕೆಲಸವನ್ನು ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ಹಸುರು ಕಳೆದುಕೊಂಡು ಬಿಳಿಚಿಕೊಂಡ, ನಾರುಗಟ್ಟಿದ ಬೆಂಡೆಕಾಯಿಯನ್ನು ನಮ್ಮ ಗೃಹಿಣಿಯರು ಮಾರುಕಟ್ಟೆಯಲ್ಲಿ ಕಂಡಿರಬಹುದು. ಇದು ಹಳದಿ ರೋಗದ ಫಲ. ಮೊದಲು ಎಲೆಯ ನರಗಳು ಹಳದಿಯಾಗಿ ಬಲೆ ಹೆಣೆದಂತೆ ಕಾಣುತ್ತವೆ. ಬರಬರುತ್ತ ಎಲೆಯೆಲ್ಲವೂ ಹಳದಿಗೆ ತಿರುಗಿ ಗಿಡ ಗಿಡ್ಡಾಗುತ್ತದೆ. ಮುಂಬಯಿ ಪ್ರಾಂತ್ಯದಲ್ಲಿ ಕುಲಕರ್ಣಿಯವರು ೧೯೨೪ರಲ್ಲಿಯೇ ಈ ರೋಗದ ವಿಷಯ ಬರೆದಿದ್ದರು. ಆದರೆ ಇದು ವೈರಸ್‌ನಿಂದ ಬರುವ ರೋಗವೆಂದು ಸ್ಥಾಪಿಸಿ ಅದಕ್ಕೆ ಹೆಸರಿಟ್ಟವರು ಉಪ್ಪಲ್, ವರ್ಮಾ ಮತ್ತು ಕಪೂರ್ ಎಂಬ ಮೂವರು. ೧೯೪೦ರಲ್ಲಿ ಅವರು ಬರೆದುದು ಕೇವಲ ಎರಡು ಪುಟಗಳ ಟಿಪ್ಪಣಿ. ಅದು ಅಚ್ಚಾದುದು ಬೆಂಗಳೂರಿನಲ್ಲಿ ೧೯೩೨ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ.

ಈ ಬಳಗದ ಬರಹಗಳ ಪಟ್ಟಿಯನ್ನು ನೋಡಿದರೆ ನಮ್ಮ ಅಡಿಗೆಮನೆಯ ಸಾಮಾನಿನ ಪಟ್ಟಿಯಂತೆಯೇ ಇದೆ. ಕನ್ನಡನಾಡಿನ ಬೆಳೆಗಾರರು 'ಕಟ್ಟೆ' ಎಂದು ಕರೆಯುವ ಏಲಕ್ಕಿಯ ರೋಗದ ಮೇಲೆ ಮೂವರೂ ಸೇರಿ ೧೯೪೫ರಲ್ಲಿ ಬರೆದರು. ೧೯೪೮ರಲ್ಲಿ ಪರಂಗಿಯ ರೋಗ, ೧೯೫೦ರಲ್ಲಿ ನಮ್ಮ ಅವರೆಯ ರೋಗ ಇವುಗಳನ್ನು ಕಪೂರ್ ಮತ್ತು ವರ್ಮಾ ವರ್ಣಿಸಿದರು. ಬೆಂಡೆಯ ರೋಗದ ವಿಸ್ತಾರವಾದ ವಿವರಣೆಯೂ ೧೯೫೦ರಲ್ಲಿಯೇ ಹೊರಬಂದಿತು. ೧೯೫೨ರಲ್ಲಿ ವರ್ಮಾ ಅವರು ಈ ವೈರಸ್‌ಗೂ ಬಿಳಿ ನೊಣಕ್ಕೂ ಇರುವ ಸಂಬಂಧವನ್ನು ಕುರಿತು ಪ್ರತ್ಯೇಕವಾದ ಪ್ರಬಂಧವನ್ನು ಪ್ರಕಟಿಸಿದರು.

ಇದರಿಂದ ರೈತನಿಗೆ ಆದ ಲಾಭವೇನು? ಈ ರೋಗ ಗಿಡದ ರಸ ತಾಕಿದ ಮಾತ್ರಕ್ಕೆ ಹತ್ತುವುದಿಲ್ಲ. ಬೀಜದ ಮೂಲಕವೂ ಬರುವುದಿಲ್ಲ. ರೋಗದ ಗಿಡದ ರಸ ಹೀರಿದ ಬಿಳಿ ನೊಣ ಮುಂದಿನ ಗಿಡಕ್ಕೆ ಅದನ್ನು ಮುಟ್ಟಿಸುತ್ತದೆ. ಹಾಗಾದರೆ ಬೀಜವನ್ನು ದೂರಿ ಪ್ರಯೋಜನವಿಲ್ಲ. ರೋಗದ ಗಿಡವನ್ನು ಬೇಗನೆ ಕಿತ್ತು ನೊಣವನ್ನು ತಡೆಯಬೇಕು. ಬೇಗನೆ ಎಂಬ ಮಾತಿಗೆ ಇಲ್ಲಿ ಬಹಳ ಬೆಲೆಯಿದೆ. ಮೊಳೆತ ೨೦ ದಿನಗಳೊಳಗೆ ರೋಗ ತಗಲಿದರೆ ನೂರಕ್ಕೆ ೯೦ಕ್ಕಿಂತ ಹೆಚ್ಚು ಫಸಲು ಹೋಗುವುದೆಂದೂ, ೬೫ ದಿನಗಳಾದ ಮೇಲೆ ತಗಲಿದರೆ ನಷ್ಟ ಸುಮಾರು ಅರ್ಧವೆಂದೂ ಶಾಸ್ತ್ರಿ ಮತ್ತು ಸಿಂಗ್ ೧೯೭೪ರಲ್ಲಿ ತೋರಿಸಿದರು.

ರೋಗವನ್ನು ತಡೆಯಬಲ್ಲ ತಳಿಯನ್ನು ಆರಿಸಬೇಕಾದರೂ ಗಿಡಕ್ಕೆ ರೋಗ ಹತ್ತುವ ಬಗೆ ಮೊದಲು ತಿಳಿದಿರಬೇಕಷ್ಟೆ. ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯಿಂದ 'ಪೂಸಾ ಸಾವನಿ' ಬಂದಿತು. ಬೆಂಡೆಯನ್ನು ಅದರ ಕಾಡುಬಂಧುವೊಂದರೊಡನೆ ಕೂಡಿಸಿ ಬೆಂಗಳೂರಿನ ತೋಟಗಾರಿಕಾ ಸಂಶೋಧನ ಸಂಸ್ಥೆಯವರು 'ಅರ್ಕಾ ಅನಾಮಿಕ'ವನ್ನು ಕೊಟ್ಟರು. ಕಾಲ ಕಳೆದಂತೆ ಇವುಗಳ ತಡೆಯುವ ಶಕ್ತಿಯೂ ಕುಂದಿತು. ವೈರಸ್ ಸುಮ್ಮನೆ ಕುಳಿತಿರುವ ಶತ್ರುವಲ್ಲ. ೨೦೦೩ರಲ್ಲಿ ಮದುರೆಯ ಜೋಸ್ ಮತ್ತು ಉಷಾ ಎಂಬ ಸಂಶೋಧಕರು, ಈ ವೈರಸ್ ಒಂಟಿಯಾಗಿರದೆ ಡಿ.ಎನ್.ಎ.ಯ ಪುಟ್ಟ ಸಂಗಾತಿಯೊಂದನ್ನು ಕೂಡಿಕೊಂಡೇ ರೋಗವನ್ನು ಉಂಟುಮಾಡುತ್ತದೆಂದು ತೋರಿಸಿಕೊಟ್ಟರು. ಪುಣೆಯವರ ಕಾಲದಲ್ಲಿ ಇದನ್ನು ಕಾಣುವ ಸಾಧನವೇ ಇರಲಿಲ್ಲ. ಆದರೂ ಅವರು ಕಂಡದ್ದು ಸುಳ್ಳಾಗಲಿಲ್ಲ. ಹೊಸ ತಿಳಿವು ಅದರ ಮೇಲೆಯೇ ಕಟ್ಟಿಕೊಂಡಿತು. ಬೆಂಡೆಯ ರೋಗವನ್ನು ಕುರಿತು ಬರೆಯುವವರು ಇಂದಿಗೂ ೧೯೪೦ರ ಆ ಎರಡು ಪುಟಗಳನ್ನು ಹೆಸರಿಸುತ್ತಾರೆ.

ಲೆಕ್ಕವನ್ನು ನಾವು ಹಳಿಯುವುದಿಲ್ಲ. ಕಚೇರಿಗೆ ಅದು ಬೇಕು. ಆದರೆ ಬರೆದವರ ಕಾಲ ಮುಗಿದ ಮೇಲೂ ಮತ್ತೊಬ್ಬನು ಅದನ್ನು ನಂಬಿ ಮುಂದಿನ ಹೆಜ್ಜೆ ಇಡಬಹುದೆ ಎಂಬುದೇ ಬರಹದ ನಿಜವಾದ ಪರೀಕ್ಷೆ. ಸಂಶೋಧನೆಗೆ ಹೊರಟ ನಮ್ಮ ತರುಣ ತರುಣಿಯರು ಪುಟಗಳನ್ನು ಎಣಿಸುವ ಮುನ್ನ ಈ ಪ್ರಶ್ನೆಯನ್ನೂ ಕೇಳಿಕೊಳ್ಳಲಿ ಎಂದು ನಮ್ಮ ಹಾರೈಕೆ.