ಹಳೆಯ ಕ್ಯಾಮರಾ: ಮಾರುವುದೇ, ಇಟ್ಟುಕೊಳ್ಳುವುದೇ?

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ತಂದೆಯವರ ಕಾಲದ ಕ್ಯಾಮರಾ ದೊರೆತಾಗ, ಇದನ್ನು ಮಾರುವುದೇ, ಇಟ್ಟುಕೊಳ್ಳುವುದೇ ಎಂಬ ಪ್ರಶ್ನೆ ಏಳುವುದು ಸಹಜ. ಅದು ಪೆಂಟಾಕ್ಸ್ ಕೆ-1000 ಆಗಿದ್ದರೆ ದುಡುಕಬಾರದು.

1976ರಿಂದ 1997ರವರೆಗೆ ತಯಾರಾದ ಈ ಯಂತ್ರ ಆಡಂಬರದ್ದಲ್ಲ. ಲೆನ್ಸು ಕಂಡದ್ದನ್ನೇ ಕನ್ನಡಿ ಹಾಗೂ ಪಟ್ಟಕದ ಮೂಲಕ ಕಣ್ಣಿಗೂ ಕಾಣಿಸುತ್ತದೆ. ಷಟರು ಪೂರ್ತಿ ಯಾಂತ್ರಿಕವಾದುದರಿಂದ ಸೆಲ್ಲು ಮುಗಿದರೂ ಕೆಲಸ ನಿಲ್ಲದು. ನಿಲ್ಲುವುದು ಬೆಳಕನ್ನಳೆಯುವ ಮುಳ್ಳು ಮಾತ್ರ. ಆಗ ಹಳಬರ ಸೂತ್ರವೇ ಗತಿ. ಸೋಂಪುರ ಹೋಬಳಿಯ ಶಿವಗಂಗೆಯ ಬಂಡೆಗಳ ಮೇಲೆ ನಿಚ್ಚಳ ಬಿಸಿಲಿದ್ದರೆ, 100ರ ಫಿಲ್ಮಿಗೆ ಅಪರ್ಚರ್ 16, ವೇಗ ಸೆಕೆಂಡಿನ 125ರಲ್ಲೊಂದು ಪಾಲು.

ಬಳಸಿದವರು ಹೇಳುವ ದೋಷಗಳೂ ಉಂಟು. ಮೀಟರಿಗೆ ಸ್ವಿಚ್ಚಿಲ್ಲ, ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಸೆಲ್ಲು ಸವೆಯುತ್ತದೆ. ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಬೆಳೆಯುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದರೆ ಅದು ತಿಳಿಯುತ್ತದೆ. ಹಿಂಬಾಗಿಲಿನ ಸ್ಪಂಜು ಕರಗಿ ಅಂಟಾದರೆ ಬೆಳಕು ನುಸುಳಿ ಚಿತ್ರ ಕೆಡುತ್ತದೆ. ನುರಿತವರ ಕೈಗೆ ಕೊಟ್ಟರೆ ಸ್ಪಂಜನ್ನು ಬದಲಿಸುವುದು ದೊಡ್ಡ ಕೆಲಸವೇನಲ್ಲ.

ಇನ್ನೊಂದು ಕೊರತೆ ಮನಸ್ಸಿಗೆ ತಟ್ಟುವಂಥದು. ತನ್ನಿಂತಾನೇ ಚಿತ್ರ ತೆಗೆಯುವ ಟೈಮರು ಇದರಲ್ಲಿಲ್ಲ. ಆದುದರಿಂದಲೇ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ತಾಯಿ, ಮಕ್ಕಳು, ಅಜ್ಜಿ ಎಲ್ಲರೂ ಇದ್ದು, ಚಿತ್ರ ತೆಗೆದ ತಂದೆಯೊಬ್ಬರೇ ಇರುವುದಿಲ್ಲ.

ಮಾರಿದರೆ ಒಂದಿಷ್ಟು ಹಣ ಬಂದೀತು. ಅದಕ್ಕೆ ಮೊದಲು 36 ಚಿತ್ರಗಳ ಒಂದು ಸುರುಳಿ ಹಾಕಿ ನೋಡಿ. ಹಿರಿಯರು ಇನ್ನೂ ನಮ್ಮೊಡನಿದ್ದರೆ, ಮೊದಲ ಚಿತ್ರ ಅವರದೇ ಆಗಲಿ.