ಹುಲಿಯ ಪಟ್ಟೆಯಿಂದ ನಿಮ್ಮ ಮೊಬೈಲಿನವರೆಗೆ: ಫೋಟೊ ಕಾಡು ಕಾಯುವ ಬಗೆ

2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಊರಿನ ಬಳಿ ಕಾಣಿಸಿಕೊಂಡ ಗಂಡು ಹುಲಿಯೊಂದನ್ನು ಹಿಡಿಯಲಾಯಿತು. ಎಲ್ಲಿಂದ ಬಂದ ಹುಲಿ? ಅದರ ಮಗ್ಗುಲಿನ ಪಟ್ಟೆಗಳನ್ನು ಹಳೆಯ ಚಿತ್ರಗಳ ಪಕ್ಕ ಇಟ್ಟು ನೋಡಿದಾಗ ಉತ್ತರ ಸಿಕ್ಕಿತು. ಅದೇ ಹುಲಿಯ ಫೋಟೊ ಅದಕ್ಕೂ ಮೊದಲು ಬಂಡೀಪುರದ ಕಾಡಿನಲ್ಲಿ ದಾಖಲಾಗಿತ್ತು. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ಅದು ಊರು, ರಸ್ತೆಗಳ ನಡುವೆ ನುಸುಳಿ ದಾಟಿತ್ತು. ಕಾಡಿನಿಂದ ಕಾಡಿಗೆ ಹುಲಿ ಓಡಾಡುವ ದಾರಿಗಳು ಇನ್ನೂ ಪೂರ್ತಿ ಮುಚ್ಚಿಲ್ಲ, ಅವನ್ನು ಉಳಿಸಿಕೊಳ್ಳಬೇಕು ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಕೆ?

ಚೆಂದದ ಚಿತ್ರ ಕಾಡಿನ ಮೇಲೆ ಪ್ರೀತಿ ಹುಟ್ಟಿಸುತ್ತದೆ. ಆದರೆ ಕಾಡು ಉಳಿಯಲು ಪ್ರೀತಿಯ ಜೊತೆಗೆ ಸಾಕ್ಷಿಯೂ ಬೇಕು. ಎಲ್ಲಿ, ಯಾವಾಗ, ಏನು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡುವ ಫೋಟೊ ಸಾಕ್ಷಿಯಾಗುತ್ತದೆ.

ಪಟ್ಟೆಯ ಲೆಕ್ಕ

ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಹುಲಿಯ ಪಟ್ಟೆಯೂ ಒಂದರದು ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಹುಲಿಯ ಎಡಮಗ್ಗುಲು, ಬಲಮಗ್ಗುಲಿನ ಪಟ್ಟೆಗಳೂ ಬೇರೆ ಬೇರೆ. ಹಾಗಾಗಿ ಕಾಡಿನ ಜಾಡಿನ ಎರಡೂ ಬದಿಗೆ, ಸುಮಾರು ಮಂಡಿಯೆತ್ತರದಲ್ಲಿ, ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಬೆಚ್ಚಗಿನ ಮೈ ಎದುರು ಹಾದರೆ ಕ್ಯಾಮೆರಾದೊಳಗಿನ ಸೆನ್ಸರ್ ಎಚ್ಚರವಾಗಿ, ತಾರೀಕು, ಗಂಟೆಯ ಸಮೇತ ಚಿತ್ರ ತೆಗೆಯುತ್ತದೆ. ಇದೇ ಕ್ಯಾಮೆರಾ ಟ್ರ್ಯಾಪ್.

ಫೋಟೊಗೆ ಸಿಗದ ಹುಲಿಗಳನ್ನು ಎಣಿಸುವುದು ಹೇಗೆ? ಒಂದು ಉದಾಹರಣೆ ನೋಡಿ. ಮೊದಲ ಸುತ್ತಿನಲ್ಲಿ 20 ಹುಲಿ ಸಿಕ್ಕವು ಎನ್ನೋಣ. ಎರಡನೇ ಸುತ್ತಿನಲ್ಲೂ 20 ಸಿಕ್ಕವು, ಅವುಗಳಲ್ಲಿ 10 ಮೊದಲೇ ಕಂಡವು. ಅಂದರೆ ಮೊದಲ ಸುತ್ತಿನಲ್ಲಿ ನಾವು ಕಂಡದ್ದು ಕಾಡಿನ ಅರ್ಧದಷ್ಟು ಹುಲಿಗಳನ್ನು. ಒಟ್ಟು ಸುಮಾರು 40 ಇರಬೇಕು. ನಿಜವಾದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು, ಆದರೆ ಮೂಲ ತರ್ಕ ಇಷ್ಟೇ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ವಿಧಾನವನ್ನು ಹುಲಿಗಳಿಗೆ ಅಳವಡಿಸಿ ತೋರಿಸಿದರು. ಆಗ ದೇಶವೆಲ್ಲ ಹೆಜ್ಜೆಗುರುತು ನೋಡಿ ಹುಲಿ ಎಣಿಸುತ್ತಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದರೂ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಹಳೆಯ ಎಣಿಕೆಯನ್ನು ಕೈಬಿಡಲಾಯಿತು. 2018ರ ರಾಷ್ಟ್ರೀಯ ಗಣತಿಗೆ 26,838 ಕಡೆ ಕ್ಯಾಮೆರಾ ಇಟ್ಟು, 3.48 ಕೋಟಿಗೂ ಹೆಚ್ಚು ಚಿತ್ರ ತೆಗೆಯಲಾಯಿತು. ಅವುಗಳಲ್ಲಿ ಹುಲಿಯ ಚಿತ್ರಗಳು 76,651.

ಹುಲಿ ಚಿತ್ರಗಳ ಈ ಕಡತಕ್ಕೆ ಇನ್ನೊಂದು ಉಪಯೋಗವಿದೆ. ಕಳ್ಳಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮದ ಪಟ್ಟೆಯನ್ನು ಹೋಲಿಸಿ, ಹುಲಿ ಯಾವ ಕಾಡಿನದೆಂದು ಹೇಳಬಹುದು.

ಕೈಯಲ್ಲಿನ ಕ್ಯಾಮೆರಾ

2012ರ ಅಕ್ಟೋಬರ್‌ನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ದಂಡೆಯಲ್ಲಿ ಬಲೆಗೆ ಸಿಕ್ಕಿ ನೇತಾಡುತ್ತಿದ್ದ ಅಮುರ್ ಫಾಲ್ಕನ್ ಹಕ್ಕಿಗಳನ್ನು ಸಂರಕ್ಷಣಾಸಕ್ತರ ತಂಡವೊಂದು ಚಿತ್ರೀಕರಿಸಿತು. ಆಫ್ರಿಕಾದತ್ತ ವಲಸೆ ಹೊರಟು ನಡುವೆ ಇಳಿದಿದ್ದ ಆ ಗಿಡುಗಗಳು ಸಾವಿರಗಟ್ಟಲೆ ಸಾಯುತ್ತಿದ್ದವು. ದೃಶ್ಯ ಕಂಡು ದೇಶ ಬೆಚ್ಚಿತು. ಸರ್ಕಾರ, ಚರ್ಚು, ಹಳ್ಳಿಯ ಹಿರಿಯರು ಒಂದಾದರು. ಮರುವರ್ಷವೇ ಅಲ್ಲಿ ಆ ಬೇಟೆ ನಿಂತಿತು. ಹಿಂದೆ ಬಲೆ ಹಾಕುತ್ತಿದ್ದವರೇ ಹಕ್ಕಿ ಕಾಯಲು ನಿಂತರು. ಚಿತ್ರ ಕಣ್ಣು ತೆರೆಸಿತು, ಉಳಿದದ್ದನ್ನು ಅಲ್ಲಿನ ಜನ ಮಾಡಿದರು.

ನೀವು ಮಾಡಬಹುದಾದದ್ದು

* ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿಕೊಳ್ಳಿ, ಮೂಲ ಫೈಲ್ ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಜಾಗ, ಹೊತ್ತಿನ ವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.
* ಹತ್ತಿರದ್ದೊಂದು, ಸುತ್ತಲಿನ ಜಾಗವೂ ಕಾಣುವಂತೆ ಇನ್ನೊಂದು ತೆಗೆಯಿರಿ. ವಾಹನಕ್ಕೆ ಸಿಕ್ಕು ಸತ್ತ ಪುನುಗು ಬೆಕ್ಕಿನ ಚಿತ್ರದಲ್ಲಿ ಪಕ್ಕದ ಕಿಲೋಮೀಟರ್ ಕಲ್ಲೂ ಇದ್ದರೆ ಅರಣ್ಯ ಇಲಾಖೆಗೆ ಕೊಡುವ ಮನವಿಗೆ ಬಲ ಬರುತ್ತದೆ.
* ಊರ ಕೆರೆಯನ್ನು ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು, ಅದೇ ತಿಂಗಳಲ್ಲಿ ತೆಗೆಯಿರಿ. ಐದು ವರ್ಷದಲ್ಲಿ ಒತ್ತುವರಿ ತಾನಾಗಿ ಕಾಣಿಸುತ್ತದೆ.
* ಹಕ್ಕಿ, ಚಿಟ್ಟೆ, ಗಿಡದ ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಜಾಲತಾಣಗಳಿಗೆ, ಹಕ್ಕಿಯದಾದರೆ ಇ-ಬರ್ಡ್‌ಗೂ ಸೇರಿಸಿ. ಸಂಶೋಧಕರು ಅಲ್ಲಿಂದಲೂ ಮಾಹಿತಿ ಪಡೆಯುತ್ತಾರೆ.
* ಅಪರೂಪದ ಜೀವಿ ಕಂಡರೆ ಅದರ ನಿಖರ ಜಾಗವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಬೇಡಿ. ಕಳ್ಳಬೇಟೆಗಾರರೂ ಅದನ್ನು ನೋಡುತ್ತಾರೆ.
* ಗೂಡಿನ ಹತ್ತಿರ ಹೋಗಬೇಡಿ. ಮರೆಯಾಗಿದ್ದ ಎಲೆ, ಕೊಂಬೆ ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುತ್ತವೆ. ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ಬೇಡ. ಹಕ್ಕಿ ಕತ್ತೆತ್ತಿ ನಿಮ್ಮನ್ನೇ ನೋಡುತ್ತಾ ಮೇವು ಬಿಟ್ಟಿತೆಂದರೆ ಹಿಂದೆ ಸರಿಯಿರಿ.

ಶಿಕಾರಿಪುರದ ಹುಲಿಯ ಮೂಲ ತಿಳಿದದ್ದು ಹೇಗೆಂದು ನೆನಪಿಸಿಕೊಳ್ಳಿ. ಬಂಡೀಪುರದ ಆ ಚಿತ್ರ ಯಾವ ಪ್ರದರ್ಶನಕ್ಕಾಗಿಯೂ ತೆಗೆದದ್ದಲ್ಲ. ಯಾರೋ ತಾಳ್ಮೆಯಿಂದ ಕ್ಯಾಮೆರಾ ಕಟ್ಟಿ, ಜಾಗ, ತಾರೀಕು ಬರೆದು ಕಾಪಿಟ್ಟಿದ್ದರು. ನಿಮ್ಮ ಮೊಬೈಲಿನಲ್ಲಿ ಮರೆತು ಬಿದ್ದಿರುವ ಚಿತ್ರಗಳಿಗೂ ಇಂದೇ ಜಾಗ, ತಾರೀಕು ಬರೆದಿಡಿ.