ಕಾರಿನ ರೇಡಿಯೊ ಆಂಟೆನಾ ಕೇಬಲನ್ನು ನಾವೇ ಬದಲಿಸುವ ಬಗೆ

ಕಾಸರಗೋಡಿನ ಕನ್ನಡಿಗರಾದ ನಾವು ಕಾರಿನಲ್ಲಿ ಮಂಗಳೂರು ಆಕಾಶವಾಣಿಯನ್ನು 100.3 ಮೆಗಾಹರ್ಟ್ಸ್‌ನಲ್ಲಿ ಆಲಿಸುತ್ತೇವೆ. ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುವುದರಿಂದ, ಆಂಟೆನಾ ಕೇಬಲ್ ಕೆಟ್ಟಾಗ ಮೊದಲು ಅಡಗುವುದು ಗಡಿಯಾಚೆಯ ಕನ್ನಡದ ದನಿಯೇ. ಸಮೀಪದ ನಿಲಯಗಳು ಕೇಳಿಸುತ್ತಲೇ ಇರುತ್ತವೆ.

ದುರಸ್ತಿಗೆ ಮುನ್ನ ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಬಳಿಕ ಕೇಬಲನ್ನು ಎರಡೂ ಕಡೆ ಬಿಡಿಸಿ ಮಲ್ಟಿಮೀಟರಿನಿಂದ ಪರೀಕ್ಷಿಸೋಣ. ನಡುವಿನ ತಂತಿಯೂ ಹೊರಗಿನ ಜಾಲರಿಯೂ ತುದಿಯಿಂದ ತುದಿಗೆ ಅಖಂಡವಾಗಿರಬೇಕು. ಅವೆರಡೂ ಪರಸ್ಪರ ತಾಗಿರಬಾರದು. ದೋಷ ಕಂಡರೆ ಹಳೆಯ ಕೇಬಲಿನ ಒಂದು ತುದಿಗೆ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯಿಂದ ಹೊರಗೆಳೆಯಬೇಕು. ಒಳಗುಳಿದ ಆ ದಾರವೇ ಹೊಸ ಕೇಬಲಿಗೆ ದಾರಿ ತೋರುತ್ತದೆ. ಏರ್‌ಬ್ಯಾಗ್ ಇರುವ ಭಾಗವನ್ನು ಮಾತ್ರ ಮೆಕ್ಯಾನಿಕರಿಗೇ ಬಿಡುವುದು ಲೇಸು. ಆಂಟೆನಾದ ಬುಡ ತುಕ್ಕಿಲ್ಲದ ಲೋಹಕ್ಕೆ ಬಿಗಿಯಾಗಿ ಕೂತರೆ ದನಿ ಮತ್ತೆ ಸ್ಪಷ್ಟವಾದೀತು.